ಜಪಾನ್ ಚುನಾವಣೆ ಫಲಿತಾಂಶ ಓದುವುದು ಹೇಗೆ?

ಜಪಾನಿನ ಫಲಿತಾಂಶವನ್ನು ನಮ್ಮ ಲೋಕಸಭೆಯ ಲೆಕ್ಕದಲ್ಲಿ ಓದಿ ತಲೆ ಕೆಡಿಸಿಕೊಳ್ಳುವವರು ಬಹಳ. ಕ್ಷೇತ್ರದಲ್ಲಿ ಸೋತವರು ಸಂಸದರಾಗಿದ್ದು ಹೇಗೆ ಅಂತ ಕೇಳುತ್ತಾರೆ. 2024ರ ಅಕ್ಟೋಬರ್ 27ರ ಕೆಳಮನೆ ಚುನಾವಣೆಯನ್ನು ಎದುರಿಗಿಟ್ಟುಕೊಳ್ಳಿ, ಕಲಿಯಲು ಅದೇ ಒಳ್ಳೆಯದು.

1. ಒಟ್ಟು ಸೀಟು 465, ಬಹುಮತಕ್ಕೆ 233. ಇದರಲ್ಲಿ 289 ನಮ್ಮಲ್ಲಿರುವಂಥ ಕ್ಷೇತ್ರಗಳು. ಉಳಿದ 176 ಸೀಟು 11 ವಲಯಗಳಲ್ಲಿ ಪಕ್ಷಗಳಿಗೆ ಹಂಚಿಕೆಯಾಗುತ್ತವೆ.

2. ಮತದಾರರಿಗೆ ಎರಡು ಚೀಟಿ. ಒಂದರಲ್ಲಿ ಅಭ್ಯರ್ಥಿಯ ಹೆಸರು, ಇನ್ನೊಂದರಲ್ಲಿ ಪಕ್ಷದ ಹೆಸರು. ಕೈಯಲ್ಲೇ ಬರೆಯಬೇಕು.

3. ವಲಯದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3 ಹೀಗೆ ಭಾಗಿಸುತ್ತಾ ಹೋಗಿ. ಬಂದ ದೊಡ್ಡ ಸಂಖ್ಯೆಗಳಿಗೆ ಸರದಿಯಂತೆ ಸೀಟು. 100, 60, 40 ಮತ ಪಡೆದ ಮೂರು ಪಕ್ಷಗಳಿಗೆ 5 ಸೀಟು ಹಂಚಿದರೆ 3, 1, 1 ಬರುತ್ತದೆ.

4. ಎಲ್ಲರೂ ಎಡವುವುದು ಇಲ್ಲಿ. ವಲಯದ ಸೀಟು ಯಾರಿಗೆ ಮೊದಲು ಅಂತ ಪಕ್ಷ ಸರದಿಯ ಪಟ್ಟಿ ಕೊಟ್ಟಿರುತ್ತದೆ. ಒಬ್ಬರೇ ಕ್ಷೇತ್ರದಲ್ಲೂ ನಿಲ್ಲಬಹುದು, ಈ ಪಟ್ಟಿಯಲ್ಲೂ ಇರಬಹುದು. ಪಟ್ಟಿಯಲ್ಲಿ ಇಂಥ ಹಲವರಿಗೆ ಪಕ್ಷ ಒಂದೇ ಸ್ಥಾನ ಕೊಟ್ಟಿರುತ್ತದೆ. ಮೊದಲು ಕ್ಷೇತ್ರದಲ್ಲಿ ಗೆದ್ದವರ ಹೆಸರು ಹೊಡೆದುಹಾಕಿ. ಉಳಿದವರನ್ನು ಅವರು ಪಡೆದ ಮತ ನೋಡಿ ಜೋಡಿಸಬೇಡಿ! ಅಲ್ಲಿ ಗೆದ್ದವರ ಮತದಲ್ಲಿ ಇವರದು ಶೇಕಡಾ ಎಷ್ಟು ಅಂತ ನೋಡಿ. ಇದಕ್ಕೆ ಸೆಕಿಹೈರಿತ್ಸು ಎನ್ನುತ್ತಾರೆ. ಗೆದ್ದವರಿಗೆ 1,00,000, ಸೋತವರಿಗೆ 90,000 ಬಂದರೆ 90. ಇನ್ನೊಂದು ಕಡೆ 60,000ಕ್ಕೆ 57,000 ಬಂದರೆ 95. ಕಡಿಮೆ ಮತದವರೇ ಮೊದಲು ಒಳಗೆ! ಕ್ಷೇತ್ರದ ಸಿಂಧು ಮತದಲ್ಲಿ ಹತ್ತನೇ ಒಂದು ಭಾಗವೂ ಬರದಿದ್ದರೆ ಮಾತ್ರ ಈ ದಾರಿ ಬಂದ್. ಹೀಗೆ ಎದ್ದು ಬಂದವರನ್ನು ಅಲ್ಲಿನವರು ‘ಜೋಂಬಿ ಸಂಸದರು’ ಅಂತ ಕಾಲೆಳೆಯುತ್ತಾರೆ.

ಪಟ್ಟಿಯೇ ಖಾಲಿಯಾದರೆ? ಸೀಟು ಬೇರೆ ಪಕ್ಷಕ್ಕೆ ಹೋಗುತ್ತದೆ. 2005ರಲ್ಲಿ ಟೋಕಿಯೊದಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷ ಕ್ಷೇತ್ರಗಳನ್ನು ಎಷ್ಟು ಬಾಚಿಕೊಂಡಿತೆಂದರೆ ಪಟ್ಟಿಯಲ್ಲಿ ಹೆಸರೇ ಉಳಿಯಲಿಲ್ಲ. ಒಂದು ಸೀಟು ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಪಾಲಾಯಿತು.

ಬಣ್ಣ ಬಳಿದ ನಕ್ಷೆಗಳನ್ನು ಮಾತ್ರ ಸುಮ್ನೆ ಪಕ್ಕಕ್ಕಿಡಿ. ಜನ ಕಡಿಮೆ ಇರುವ ದೊಡ್ಡ ಕ್ಷೇತ್ರವೇ ಕಣ್ಣು ತುಂಬುತ್ತದೆ, ಪಟ್ಟಿಯ 176 ಸೀಟು ಕಾಣುವುದೇ ಇಲ್ಲ.

5. ಕೊನೆಗೆ ಸರ್ಕಾರದ ಲೆಕ್ಕ. 2024ರಲ್ಲಿ ಆಡಳಿತದಲ್ಲಿದ್ದ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ 191, ಜೊತೆಗಾರ ಕೊಮೈತೊಗೆ 24. ಒಟ್ಟು 215, ಬಹುಮತ ಇಲ್ಲ. ಆದರೂ ಆ ಪಕ್ಷದ ನಾಯಕ ಶಿಗೆರು ಇಶಿಬಾ ಪ್ರಧಾನಿಯಾಗಿ ಉಳಿದರು. ನವೆಂಬರ್ 11ರಂದು ಪ್ರಧಾನಿಯನ್ನು ಆರಿಸಲು ಕೆಳಮನೆಯಲ್ಲಿ ಮೊದಲ ಸುತ್ತಿನ ಮುಂಚೂಣಿಯ ಇಬ್ಬರ ನಡುವೆ ಎರಡನೇ ಸುತ್ತಿನ ಮತದಾನ ನಡೆಯಿತು. ಅದರಲ್ಲಿ ಹೆಚ್ಚು ಮತ ಬಂದರೆ ಸಾಕು, 233 ಬೇಕಿಲ್ಲ. ಇಶಿಬಾಗೆ 221, ಪ್ರಮುಖ ವಿರೋಧ ಪಕ್ಷದ ನಾಯಕ ಯೊಶಿಹಿಕೊ ನೊಡಾಗೆ 160. ಉಳಿದ ವಿರೋಧ ಪಕ್ಷದವರಲ್ಲಿ ಹೆಚ್ಚಿನವರು ತಮ್ಮ ನಾಯಕರ ಹೆಸರನ್ನೇ ಬರೆದಿದ್ದರಿಂದ 84 ಮತ ಅಸಿಂಧುವಾದವು.