ಮಧ್ಯಾಹ್ನ ಆದರೆ ಮಂಕಾಗುತ್ತಿದ್ದ ಜಿಪಿಎಸ್

ಬೆಳಗ್ಗೆ 7ಕ್ಕೆ ಜಿಪಿಎಸ್ ಸ್ಕ್ರೀನ್ ಝಗಝಗ. ಮಧ್ಯಾಹ್ನ 2ರ ಹಾರಾಟಕ್ಕೆ ಹೋದರೆ ಮಂಕು. ಬೆಳಗಾವಿಯ ಸಾಂಬ್ರಾದಲ್ಲಿ ನಾನು ರಿಪೇರಿ ನೋಡಿಕೊಳ್ಳುವ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಒಂದರದ್ದು ಏಪ್ರಿಲ್ ಪೂರ್ತಿ ಇದೇ ಕಥೆ. ಹಾರಿಸೋ ಹುಡುಗರು ಬಿಸಿಲಿಗೆ ಕೈ ಅಡ್ಡ ಹಿಡಿದು ಅದರಲ್ಲಿನ ರೇಡಿಯೊ ಫ್ರೀಕ್ವೆನ್ಸಿ ಓದುತ್ತಿದ್ದರು.

ಎಲ್ಲರ ಬೆರಳೂ ಫೋಟೊಸೆಲ್ ಕಡೆಗೇ, ಅಂದರೆ ಹೊರಗಿನ ಬೆಳಕು ನೋಡಿ ಸ್ಕ್ರೀನಿನ ಬೆಳಕು ಹೊಂದಿಸುವ ಪುಟ್ಟ ಕಣ್ಣಿನ ಕಡೆಗೆ. ಟಾರ್ಚ್ ಬಿಟ್ಟು ನೋಡಿದೆವು, ಏನೂ ಬದಲಾಗಲಿಲ್ಲ. ಯೂನಿಟ್ ಬಿಚ್ಚಿ ರಿಪೇರಿಗೆ ಕಳಿಸಿದರೆ ‘ದೋಷ ಇಲ್ಲ’ ಅಂತ ವಾಪಸ್ ಬಂತು. ಸಾಗಣೆ, ಪರೀಕ್ಷೆಯ ಚಾರ್ಜು ಸೇರಿ 60 ಸಾವಿರದ ಹತ್ತಿರ ಹೋಯ್ತು. ವಿಮಾನ 12 ದಿನ ಸುಮ್ನೆ ನಿಂತದ್ದು ಬೇರೆ.

ಆಮೇಲೆ ನಾನು ಲೈಟಿಂಗ್ ಬಸ್‌ಗೆ, ಅಂದರೆ ಪ್ಯಾನೆಲ್ ದೀಪಗಳಿಗೆಲ್ಲ ಕರೆಂಟ್ ಕೊಡುವ ವೈರಿಗೆ, ವೋಲ್ಟ್ ಮೀಟರ್ ಹಿಡಿದೆ. ಆ ದೀಪಗಳನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ನಾಬ್ ಪೂರ್ತಿ ಆಫ್. ಆದರೂ 4 ವೋಲ್ಟ್ ಆಸುಪಾಸು.

“ಅದು ಸುಳ್ಳು ವೋಲ್ಟೇಜ್ ತಮ್ಮಾ, ಲೋಡ್ ಹಾಕಿದ್ರ ಹೋಗ್ತದ” ಅಂದರು ನಮ್ಮ ಹಿರಿಯರು. ಅವರ ಮಾತು ಸರಿ. ಆದರೆ ಈ ಬಸ್ಸಿನ ವೋಲ್ಟೇಜ್ ನೋಡುವ ಜಿಪಿಎಸ್‌ನ ಡಿಮ್ಮಿಂಗ್ ಇನ್‌ಪುಟ್ಟೂ ಮೀಟರ್ ಥರಾನೇ, ಕರೆಂಟ್ ಎಳೆಯೋದೇ ಇಲ್ಲ ಅನ್ನಬೇಕು. ಮೀಟರಿಗೆ ಕಂಡ ಸುಳ್ಳು ಅದಕ್ಕೂ ಕಾಣುತ್ತದೆ, ಅಲ್ವಾ? ಕಂಡ ಕೂಡಲೇ ದೀಪ ಹಚ್ಚಿದ್ದಾರೆ, ರಾತ್ರಿಯಾಯಿತು ಅಂದುಕೊಂಡು, ಫೋಟೊಸೆಲ್ ಮಾತು ಕೇಳದೆ ಬೆಳಕು ತಗ್ಗಿಸುತ್ತದೆ.

ಹಿಂದಿನ ವರ್ಷ ಆ ಪ್ಯಾನೆಲ್‌ನ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದ್ದರು. ತಣ್ಣಗಿರುವ ಫಿಲಮೆಂಟ್ ಸಣ್ಣಪುಟ್ಟ ಲೀಕೇಜನ್ನು ನುಂಗಿಬಿಡುತ್ತದೆ. ಈ ಎಲ್‌ಇಡಿ 4 ವೋಲ್ಟಿಗೆ ಉರಿಯೋದೂ ಇಲ್ಲ, ನುಂಗೋದೂ ಇಲ್ಲ. ಲೀಕ್ ಆಗುತ್ತಿದ್ದದ್ದು ಡಿಮ್ಮರ್ ಟ್ರಾನ್ಸಿಸ್ಟರ್, ನಾಬ್ ಹೇಳಿದಷ್ಟೇ ಕರೆಂಟ್ ಬಸ್‌ಗೆ ಬಿಡಬೇಕಾದದ್ದು. ಬಿಸಿಯಾದಷ್ಟೂ ಜಾಸ್ತಿ. ಅದಕ್ಕೇ ಬೆಳಗ್ಗೆ ಹ್ಯಾಂಗರಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಯಾರೂ ಒಪ್ಪಲಿಲ್ಲ. ಮನೆಯಿಂದ ಹೇರ್ ಡ್ರೈಯರ್ ತಂದು ಟ್ರಾನ್ಸಿಸ್ಟರ್‌ಗೆ ಬಿಸಿಗಾಳಿ ಬಿಟ್ಟೆ. ಎರಡು ನಿಮಿಷ ಆಗಿರಬೇಕು. ಅರ್ಧ ವೋಲ್ಟ್ ಇದ್ದ ಮೀಟರ್ 4ರ ಹತ್ತಿರ ಏರಿತು, ಸ್ಕ್ರೀನ್ ಮಂಕಾಯಿತು. ಆಗಲೇ ಬಸ್‌ಗೂ ಗ್ರೌಂಡಿಗೂ ನಡುವೆ ಹಳೇ ಬಲ್ಬ್ ಒಂದನ್ನು ತಾಗಿಸಿದೆ. ಸ್ಕ್ರೀನ್ ಬೆಳಗಿತು! ತೆಗೆದರೆ ಮತ್ತೆ ಮಂಕು. ಹಿರಿಯರು ಬಲ್ಬನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಮೂರು ಸಲ ಮಾಡಿ ನೋಡಿದರು.

ಬಲ್ಬನ್ನು ಅಲ್ಲೇ ಬಿಟ್ಟುಬಿಡಿ ಅಂದವರೂ ಇದ್ದರು. ಕಾಗದದಲ್ಲಿ ಇಲ್ಲದ್ದನ್ನು ವಿಮಾನದಲ್ಲಿ ಬಿಡೋ ಮಾತೇ ಇಲ್ಲ. ಪಾರ್ಟ್ಸ್ ಕ್ಯಾಟಲಾಗ್ ಪ್ರಕಾರ ಟ್ರಾನ್ಸಿಸ್ಟರ್ ತರಿಸಿದೆವು. ಸರ್ಟಿಫಿಕೇಟ್ ಸಮೇತ 4–5 ಸಾವಿರ ಆಗಿರಬೇಕು. 60 ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಹುರುಪಿನಲ್ಲಿ ಪಕ್ಕದ ವಿಮಾನಕ್ಕೂ ಡ್ರೈಯರ್ ಹಿಡಿದೆ. ಅದರಲ್ಲಿ ಹಳೇ ಬಲ್ಬುಗಳೇ ಇವೆ, ಮೀಟರ್ ಅಲುಗಲಿಲ್ಲ. ಮೊದಲಿನ ವಿಮಾನದಲ್ಲಿ ಈಗ ಮಧ್ಯಾಹ್ನ 2ಕ್ಕೂ ನಾಬ್ ಆಫ್ ಇದ್ದರೆ ಬಸ್‌ನಲ್ಲಿ 0.1 ವೋಲ್ಟ್ ದಾಟೋದಿಲ್ಲ.