ಗೋಲು ಬಿದ್ದಾಗ ನೀವು ಒಲೆ ಮುಂದೆ ಇರಬಾರದು

2022ರ ಡಿಸೆಂಬರ್ 18, ಫುಟ್‌ಬಾಲ್ ವಿಶ್ವಕಪ್ ಫೈನಲ್. ಎಪ್ಪತ್ತೈದು ನಿಮಿಷ ದಾಟಿತ್ತು, ಅರ್ಜೆಂಟೀನಾ 2, ಫ್ರಾನ್ಸ್ 0. ಇನ್ನೇನಿದೆ ಇದರಲ್ಲಿ ಎಂದುಕೊಂಡು ಎದ್ದು ಹೋಗಿ ಎಣ್ಣೆ ಕಾಯಲು ಇಟ್ಟೆ. ಮೊದಲ ಸಲದ ಆಲೂಗಡ್ಡೆ ಬಾಣಲೆಗೆ ಬಿದ್ದಾಗ ಹೊರಗೆ ಕೂಗು ಎದ್ದಿತು. ಒಂದು ಪೆನಾಲ್ಟಿ ತಾನೇ ಎಂದು ಜಾಲರಿ ಕೆಳಗಿಡಲಿಲ್ಲ. ಅದರ ಬೆನ್ನಿಗೇ ಇನ್ನೂ ದೊಡ್ಡ ಕೂಗು. ಕೈ ಒರೆಸಿಕೊಂಡು ಓಡಿ ಬಂದರೆ 2-2. ಎರಡು ನಿಮಿಷದೊಳಗೆ ಎಂಬಾಪೆ ಎರಡು ಗೋಲು ಹೊಡೆದಿದ್ದ. ನಾನು ನೋಡಿದ್ದು ರೀಪ್ಲೇ.

ಅವತ್ತಿನಿಂದ ಮ್ಯಾಚ್ ದಿನದ ತಿಂಡಿಯ ಪಟ್ಟಿ ಬರೆಯುವಾಗ ಮೊದಲು ಅಡುಗೆಮನೆ ನೋಡುವುದಿಲ್ಲ, ಗಡಿಯಾರ ನೋಡುತ್ತೇನೆ. ಯಾವ ಆಟ, ಎಷ್ಟು ಹೊತ್ತು, ಬಿಡುವು ಯಾವಾಗ? ಫುಟ್‌ಬಾಲ್ ಆದರೆ 45 ನಿಮಿಷ ಆಟ, 15 ನಿಮಿಷ ಬಿಡುವು, ಮತ್ತೆ 45. ಬಿಸಿ ತಿಂಡಿಗೆ ಸಿಗುವುದು ಆ 15 ನಿಮಿಷ ಮಾತ್ರ. ಕಬಡ್ಡಿಯಲ್ಲಿ 20 ನಿಮಿಷದ ಎರಡು ಅರ್ಧ, ನಡುವೆ 5 ನಿಮಿಷ. ಹಾಗಾಗಿ ಕಬಡ್ಡಿಗೆ ಒಲೆಯನ್ನೇ ಹಚ್ಚಬೇಡಿ. ಟಿ20ಯಲ್ಲಿ ಒಂದು ಇನಿಂಗ್ಸ್ ಹೆಚ್ಚುಕಡಿಮೆ ಒಂದೂವರೆ ಗಂಟೆ, ನಡುವೆ 20 ನಿಮಿಷ. ಏಕದಿನದಲ್ಲಿ ನಡುವಿನ ಬಿಡುವು ಸಾಮಾನ್ಯವಾಗಿ 45 ನಿಮಿಷ ಇರುತ್ತದೆ, ಊಟವನ್ನೇ ಮುಗಿಸಬಹುದು. ಟೆನಿಸ್ ಮಾತ್ರ ಯಾರ ಮಾತೂ ಕೇಳದ ಆಟ: ಬದಿ ಬದಲಿಸುವಾಗ ಸಿಗುವುದು 90 ಸೆಕೆಂಡ್, ಮುಗಿಯುವುದು ಯಾವಾಗಲೋ. ಅದಕ್ಕೆ ತಣ್ಣಗೂ ಚೆನ್ನಾಗಿರುವ ತಿಂಡಿಯೇ ಸರಿ.

ಎರಡನೆಯದು, ನಾನು ಒಂಟಿಕೈ ಪರೀಕ್ಷೆ ಅನ್ನುತ್ತೇನೆ. ಕಣ್ಣು ಟಿವಿ ಮೇಲೆಯೇ ಇಟ್ಟುಕೊಂಡು, ಒಂದೇ ಕೈಯಲ್ಲಿ, ಎರಡು ಬಾಯಿಗೆ ಮುಗಿಯಬೇಕು. ತಟ್ಟೆ, ಚಮಚ, ಸಾರು, ಉದುರುವ ಪುಡಿ, ಇವೆಲ್ಲ ಇಲ್ಲಿ ಫೇಲು. ಹಿಂದಿನ ದಿನ ಒಂದು ತುಂಡು ಮಾಡಿ, ಗೋಡೆ ನೋಡುತ್ತಾ ತಿಂದು ನೋಡುತ್ತೇನೆ. ಅಂಗಿಯ ಮೇಲೆ ಏನಾದರೂ ಬಿದ್ದರೆ ಆ ತಿಂಡಿ ತಂಡದಿಂದ ಔಟ್. ಮನೆಯವರು ನಗುತ್ತಾರೆ, ನಗಲಿ. ಸೋಫಾ ತೊಳೆಯುವುದು ನಾನು.

ಎಷ್ಟು ಬಗೆ ಬೇಕು? ಒಮ್ಮೆ ಹನ್ನೊಂದು ಬಗೆ ಮಾಡಿದ್ದೆ, ಆಟಗಾರನಿಗೊಂದರಂತೆ. ಅರ್ಧಕ್ಕರ್ಧ ಉಳಿಯಿತು, ನಾನು ಸುಸ್ತಾಗಿ ಎರಡನೇ ಅರ್ಧದಲ್ಲಿ ನಿದ್ದೆ ಹೋದೆ. ಹತ್ತು ಜನಕ್ಕೆ ಐದು ಬಗೆ ಸಾಕು: ಗರಿಗರಿಯದ್ದು ಒಂದು, ಬಿಸಿಯದ್ದು ಒಂದು, ಹೊಟ್ಟೆ ತುಂಬುವುದು ಒಂದು, ರಸವಿರುವುದು ಒಂದು, ಕೊನೆಗೆ ಸಿಹಿ. ಆಮೇಲೆ ಊಟ ಇದೆ ಅಂತಾದರೆ ತಲೆಗೆ ಐದಾರು ತುಂಡು, ತಿಂಡಿಯೇ ಊಟ ಅಂತಾದರೆ ಹತ್ತು ಹನ್ನೆರಡು. ಬಿಗಿಯಾದ ಮ್ಯಾಚ್‌ನಲ್ಲಿ ಜನ ಹೆಚ್ಚು ತಿನ್ನುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ನಾನು ಕಂಡಂತೆ, ಬಿಗಿಯಾದಾಗ ಕೈ ಬಾಯಿಗೆ ಹೋಗುವುದೇ ಮರೆತುಹೋಗುತ್ತದೆ. ಬಟ್ಟಲು ಖಾಲಿಯಾಗುವುದು ಏಕಪಕ್ಷೀಯ ಆಟದಲ್ಲಿ, ಬೇಸರಕ್ಕೆ.

ಗರಿಗರಿಗೆ ಪಾಪ್‌ಕಾರ್ನ್‌ನಷ್ಟು ಅಗ್ಗದ ಜಂಬ ಇನ್ನೊಂದಿಲ್ಲ. ಕಾಳಿನೊಳಗಿನ ನೀರಿನ ಪಸೆ ಆವಿಯಾಗಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸಿಪ್ಪೆ ತಡೆಯಲಾಗದೆ ಸಿಡಿಯುತ್ತದೆ. ಆ ಆವಿ ಪಾತ್ರೆಯಲ್ಲೇ ಉಳಿದರೆ ಅರಳು ರಬ್ಬರಾಗುತ್ತದೆ. ಅದಕ್ಕೇ ಮುಚ್ಚಳವನ್ನು ಒಂದು ಎಳೆಯಷ್ಟು ಓರೆ ಮಾಡಿ. ಮೊದಲು ಎಣ್ಣೆಗೆ ಮೂರು ಕಾಳು ಹಾಕಿ, ಅವು ಸಿಡಿದ ಮೇಲೆ ಉಳಿದದ್ದನ್ನು ಸುರಿಯಿರಿ. ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿಕೊಳ್ಳಿ, ಹರಳುಪ್ಪು ಬಟ್ಟಲಿನ ತಳ ಸೇರುತ್ತದೆ. ಮ್ಯಾಚ್ ಶುರುವಾಗುವ ಹತ್ತು ನಿಮಿಷ ಮುಂಚೆ ಮಾಡಿದರೆ ಸಾಕು.

ಬಿಸಿಯದ್ದಕ್ಕೆ ನನ್ನ ಆಯ್ಕೆ ಇವತ್ತಿಗೂ ಅದೇ ಆಲೂಗಡ್ಡೆ. ಆದರೆ ಈಗ ಎರಡು ಸಲ ಕರಿಯುತ್ತೇನೆ. ಬೆರಳಿನಂತೆ ಹೆಚ್ಚಿ ಅರ್ಧ ಗಂಟೆ ತಣ್ಣೀರಿನಲ್ಲಿ ಬಿಡಿ, ಮೇಲಿನ ಗಂಜಿ ಹೋಗುತ್ತದೆ. ಇಲ್ಲವಾದರೆ ಒಂದಕ್ಕೊಂದು ಅಂಟಿ, ಬೇಗ ಕಪ್ಪಾಗುತ್ತವೆ. ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿ. ಒದ್ದೆ ತುಂಡು ಎಣ್ಣೆಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಎಡಗೈ ಸಾಕ್ಷಿ. ಮೊದಲ ಸಲ 160 ಡಿಗ್ರಿಯ ಹದವಾದ ಎಣ್ಣೆಯಲ್ಲಿ, ಬಣ್ಣ ಬರದಂತೆ, ಒಳಗೆ ಮೆತ್ತಗಾಗುವವರೆಗೆ. ಇದನ್ನು ಬೆಳಿಗ್ಗೆಯೇ ಮುಗಿಸಿ, ಆರಿದ ಮೇಲೆ ಫ್ರಿಜ್‌ಗೆ ಹಾಕಿ. ಬಿಡುವಿನ ಸೀಟಿ ಊದಿದಾಗ 190 ಡಿಗ್ರಿ ಕಾದ ಎಣ್ಣೆಯಲ್ಲಿ ಎರಡು ಮೂರು ನಿಮಿಷ, ಅಷ್ಟೇ. ಎಣ್ಣೆ ಕಾಯಲು ಹತ್ತು ನಿಮಿಷ ಬೇಕಲ್ಲ, 35ನೇ ನಿಮಿಷಕ್ಕೆ ಒಲೆ ಹಚ್ಚಿದರಾಯಿತು ಅನಿಸುತ್ತದೆ. ಬೇಡ. ಎಣ್ಣೆಯನ್ನು ಒಂಟಿಯಾಗಿ ಬಿಟ್ಟು ಬಂದು ಆಟ ನೋಡುವುದು ಬೆಂಕಿಗೆ ಕೊಟ್ಟ ಆಹ್ವಾನ. ಚಿಕ್ಕ ಬಾಣಲೆ, ಕಡಿಮೆ ಎಣ್ಣೆ, ಪಕ್ಕದಲ್ಲಿ ನೀವು. ಐದೇ ನಿಮಿಷದಲ್ಲಿ ಕಾಯುತ್ತದೆ. ಕರಿದದ್ದನ್ನು ಡಬ್ಬಿಯಲ್ಲಿ ಮುಚ್ಚಬೇಡಿ. ತಂತಿ ಜಾಲರಿಯ ಮೇಲೆ ಹರಡಿದರೆ ಕೆಳಗಿನ ಆವಿಯೂ ಹೊರಹೋಗಿ ಕೊನೆಯ ತುಂಡಿನವರೆಗೂ ಗರಿ ಉಳಿಯುತ್ತದೆ.

ಓವನ್ ಇದ್ದವರ ಕೆಲಸ ಇನ್ನೂ ಹಗುರ. ಕೋಳಿ ತುಂಡನ್ನು ಹಿಂದಿನ ರಾತ್ರಿ ಮಸಾಲೆಯಲ್ಲಿ ನೆನೆಸಿಟ್ಟು, ಆಟ ಶುರುವಾಗುವಾಗ ಒಳಗಿಡಿ. ತೀರಾ ದಪ್ಪ ತುಂಡಿನ ನಡುವೆ 74 ಡಿಗ್ರಿ ತಲುಪಿರಬೇಕು. ಮೂಳೆ ಹಾಕಲು ಬೇರೆ ಬಟ್ಟಲು ಇಡಿ. ಕಡಲೆಕಾಯಿ ಸಿಪ್ಪೆಗೂ ಅಷ್ಟೇ. ಬಟ್ಟಲು ಇಲ್ಲದ ಕಡೆ ಅವು ಎಲ್ಲಿಗೆ ಹೋಗುತ್ತವೆ ಎಂದು ಹೂಕುಂಡದ ಮಣ್ಣು ಕೆದಕಿದಾಗ ನನಗೆ ಗೊತ್ತಾಯಿತು.

ಹೊಟ್ಟೆ ತುಂಬಲು ಸ್ಯಾಂಡ್‌ವಿಚ್. ಎರಡೂ ಹೋಳುಗಳಿಗೆ ಅಂಚಿನವರೆಗೆ ಬೆಣ್ಣೆ ಸವರಿ, ಆಗ ಒಳಗಿನ ನೀರು ಬ್ರೆಡ್‌ಗೆ ಇಳಿಯುವುದಿಲ್ಲ. ಟೊಮೆಟೊದ ಬೀಜದ ಭಾಗ ತೆಗೆದುಬಿಡಿ. ಪೂರ್ತಿ ಸ್ಯಾಂಡ್‌ವಿಚ್ಚನ್ನು ಹಿಂಡಿದ ಒದ್ದೆ ಬಟ್ಟೆಯಡಿ ಫ್ರಿಜ್‌ನಲ್ಲಿಟ್ಟು, ಬಡಿಸುವ ಮುಂಚೆ ಉದ್ದುದ್ದಕ್ಕೆ ಮೂರು ಭಾಗ ಮಾಡಿ. ತ್ರಿಕೋನ ನೋಡಲು ಚಂದ, ಆದರೆ ಚೂಪು ತುದಿಯಿಂದ ಹೂರಣ ಜಾರುತ್ತದೆ.

ಕ್ಯಾರೆಟ್, ಸೌತೆಕಾಯಿ ಕಡ್ಡಿಗಳಿಗೆ ಒಂದು ಉಪಾಯ. ಚಿಕ್ಕ ಕಾಗದದ ಲೋಟದ ತಳಕ್ಕೆ ಎರಡು ಚಮಚ ಗಟ್ಟಿ ಮೊಸರಿನ ಚಟ್ನಿ, ಅದರಲ್ಲಿ ನಾಲ್ಕು ಕಡ್ಡಿ ನೆಟ್ಟಗೆ ನಿಲ್ಲಿಸಿ, ತಲೆಗೊಂದು ಲೋಟ. ಕಚ್ಚಿದ ಕಡ್ಡಿಯನ್ನು ಎಲ್ಲರ ಬಟ್ಟಲಿಗೆ ಮತ್ತೆ ಅದ್ದುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಹೇಳಿದರೆ ಬೇಜಾರು ಬೇರೆ. ಸೇಬು ಹೆಚ್ಚಿದರೆ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯಿರಿ, ಕಂದಾಗುವುದು ನಿಧಾನವಾಗುತ್ತದೆ. ಸಿಹಿ ಯಾವುದಾದರೂ ಸರಿ, ಕೈಗೆ ಅಂಟದಿದ್ದರೆ ಸಾಕು. ಕುಡಿಯಲು ಏನಾದರೂ ಕೊಡಿ, ಲೋಟ ಮುಕ್ಕಾಲಿಗಿಂತ ಹೆಚ್ಚು ತುಂಬಿಸಬೇಡಿ. ವಿಕೆಟ್ ಬಿದ್ದಾಗ ಜನ ಲೋಟದ ಸಮೇತ ಹಾರುತ್ತಾರೆ.

ಕರೆಯುವಾಗಲೇ ಯಾರಿಗೆ ಏನು ಆಗುವುದಿಲ್ಲ ಎಂದು ಕೇಳಿ. ಕಡಲೆಕಾಯಿ ಅಲರ್ಜಿ ಇರುವವರಿದ್ದರೆ ಅದನ್ನು ಬೇರೆ ಬಟ್ಟಲಲ್ಲಿಡುವುದು ಸಾಲದು, ಆ ದಿನ ಮನೆಯಲ್ಲೇ ಬೇಡ. ಅದೇ ಕೈ ಎಲ್ಲ ಬಟ್ಟಲಿಗೂ ಹೋಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್, ಇಡೀ ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ದೊಡ್ಡವರೆಲ್ಲ ಟಿವಿ ನೋಡುತ್ತಿರುವಾಗ ಮಗುವನ್ನು ನೋಡುವವರು ಯಾರೂ ಇರುವುದಿಲ್ಲ ಅನ್ನುವುದು ನೆನಪಿರಲಿ.

ಬಟ್ಟಲುಗಳನ್ನು ಟಿವಿ ಕೆಳಗಿನ ಮೇಜಿನಲ್ಲಿ ಜೋಡಿಸಿದರೆ ಪ್ರತಿ ಐದು ನಿಮಿಷಕ್ಕೊಬ್ಬರ ಬೆನ್ನು ನೋಡಬೇಕಾಗುತ್ತದೆ. ಕುಳಿತವರ ಪಕ್ಕದಲ್ಲೇ, ಇಬ್ಬರಿಗೊಂದರಂತೆ ಇಡಿ. ಒಂದೊಂದು ಒದ್ದೆ ಬಟ್ಟೆಯೂ ಇರಲಿ. ರಿಮೋಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಬಿಡಿ, ಗುಂಡಿ ಒತ್ತಲು ಅಡ್ಡಿಯಿಲ್ಲ. ಮೊಟ್ಟೆ, ಮಾಂಸ, ಮೊಸರು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸೆಕೆಗಾಲದಲ್ಲಿ ಒಂದೇ ಗಂಟೆ. ಹಾಗಾಗಿ ನಾನು ಎಲ್ಲವನ್ನೂ ಎರಡು ಪಾಲು ಮಾಡಿ, ಎರಡನೆಯದನ್ನು ಬಿಡುವಿನವರೆಗೆ ಫ್ರಿಜ್‌ನಿಂದ ತೆಗೆಯುವುದೇ ಇಲ್ಲ.

ಕೊನೆಯದಾಗಿ ಒಂದು ಡಬ್ಬಿ. 2019ರ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ನೂರು ಓವರ್ ಮುಗಿದರೂ 241ಕ್ಕೆ 241. ಸೂಪರ್ ಓವರ್‌ನಲ್ಲಿ ಮತ್ತೆ 15ಕ್ಕೆ 15. ಅವತ್ತು ನಮ್ಮ ಮನೆಯಲ್ಲಿ ತಿನ್ನಲು ಉಳಿದದ್ದು ಉಗುರು ಮಾತ್ರ. ಫುಟ್‌ಬಾಲ್ ನಾಕೌಟ್‌ನಲ್ಲೂ ಸಮವಾದರೆ ಅರ್ಧ ಗಂಟೆ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ. ಅದಕ್ಕಾಗಿ ಹುರಿದ ಬೀಜವನ್ನೋ ಬಿಸ್ಕತ್ತನ್ನೋ, ಒಲೆ ಬೇಡದ್ದನ್ನು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಬೀರುವಿನ ಮೇಲಿಡುತ್ತೇನೆ. ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲ. ಮ್ಯಾಚ್ ಸಮಯಕ್ಕೆ ಸರಿಯಾಗಿ ಮುಗಿದರೆ ಮರುದಿನ ಸಂಜೆ ಹೈಲೈಟ್ಸ್ ನೋಡುವಾಗ ಅದು ಪೂರ್ತಿ ನನ್ನದು.