ಕ್ಯಾಮೊಫ್ಲಾಜ್ ಬಣ್ಣ: ಎಲ್ಲ ಇರುವುದು ಅಂಚಿನಲ್ಲಿ

1/72 ಅಳತೆಯ ಮಾದರಿ ವಿಮಾನದಲ್ಲಿ ಒಂದು ಮಿಲಿಮೀಟರ್ ಎಂದರೆ ಅಸಲಿ ವಿಮಾನದ 72 ಮಿಲಿಮೀಟರ್. ಈ ಲೆಕ್ಕ ಮರೆತವರು ಶತ್ರುವಿನ ಕಣ್ಣಿಗೆ ಬೀಳದಂತೆ ಬಳಿಯುವ ಹಸಿರು, ಕಂದು ಕ್ಯಾಮೊಫ್ಲಾಜ್ ಬಣ್ಣಗಳ ನಡುವೆ ಮೂರು ಮಿಲಿಮೀಟರ್ ಅಗಲದ ಮಸುಕು ಎಬ್ಬಿಸಿ, ‘ಎಷ್ಟು ಮೃದುವಾಗಿದೆ’ ಎಂದು ಹಿಗ್ಗುತ್ತಾರೆ. ಅಸಲಿ ರೆಕ್ಕೆಯ ಮೇಲೆ ಅದು ಹೆಚ್ಚುಕಡಿಮೆ ಒಂದು ಗೇಣಾಗುತ್ತದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಬಣ್ಣಗಳು ಅಷ್ಟಗಲ ಕರಗಿರುತ್ತಿರಲಿಲ್ಲ.

ಹಂತ 1: ಮಾದರಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಹಿಡಿಯಲು ಬೇಕಾದ ಪ್ರೈಮರ್ ಹೊಡೆಯಿರಿ.

ಹಂತ 2: ವಿಮಾನ ಯಾವ ವರ್ಷದ್ದೆಂದು ಮೊದಲೇ ನಿರ್ಧರಿಸಿ. 1940ರ ಸ್ಪಿಟ್‌ಫೈರ್‌ಗೆ ಮೇಲ್ಭಾಗದಲ್ಲಿ ಕಂದು ಮತ್ತು ಗಾಢ ಹಸಿರು. 1941ರ ಆಗಸ್ಟ್ ನಂತರ ಕಂದಿನ ಜಾಗಕ್ಕೆ ಬೂದು ಬಂತು. ಅಡಿಭಾಗದ ಬಣ್ಣ ಮುಗಿಸಿ, ಮುಚ್ಚಿ, ಮೇಲ್ಭಾಗಕ್ಕೆಲ್ಲ ತಿಳಿಯಾದ ಬಣ್ಣವನ್ನೇ ಹೊಡೆಯಿರಿ. ಗಾಢ ಬಣ್ಣ ಆಮೇಲೆ.

ಹಂತ 3: ಅಕ್ರಿಲಿಕ್ ಬಣ್ಣವನ್ನು ಅದಕ್ಕೆಂದೇ ಇರುವ ಥಿನ್ನರ್‌ನಲ್ಲಿ ಹಾಲಿನಷ್ಟು ತೆಳುವಾಗಿಸಿ. ಗಾಜು ಒರೆಸುವ ದ್ರವವೇ ಸಾಕೆನ್ನುವವರಿದ್ದಾರೆ, ಕಿವಿಗೊಡಬೇಡಿ. ಅಂಥ ಎಷ್ಟೋ ದ್ರವಗಳಲ್ಲಿ ಅಮೋನಿಯಾ ಇರುತ್ತದೆ, ಅದು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಹಿತ್ತಾಳೆ ಭಾಗಗಳನ್ನು ತಿನ್ನುತ್ತದೆ. ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಇರಲಿ. ಮಾಪಕವನ್ನು ಟ್ರಿಗರ್ ಒತ್ತಿ ಹಿಡಿದೇ ಓದಬೇಕು. ಗಾಳಿ ಹರಿಯತೊಡಗಿದೊಡನೆ ಮುಳ್ಳು ಕೆಳಗಿಳಿಯುತ್ತದೆ. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿ. ಬಣ್ಣ ಜೇಡನ ಕಾಲುಗಳಂತೆ ಹರಿದರೆ ಅತಿ ತೆಳುವಾಗಿದೆ ಅಥವಾ ಒತ್ತಡ ಜಾಸ್ತಿ. ಪುಡಿಪುಡಿಯಾಗಿ ಕೂತರೆ ಗಟ್ಟಿಯಾಗಿದೆ ಅಥವಾ ನೀವು ತೀರಾ ದೂರದಲ್ಲಿದ್ದೀರಿ.

ಹಂತ 4: ಹೆಚ್ಚಿನವರು ಕೆಡಿಸುವುದು ಇಲ್ಲಿ. ಗೋಡೆಗೆ ಚಿತ್ರ ಅಂಟಿಸುವ, ಮತ್ತೆ ಕೀಳಬಹುದಾದ ಮೆತ್ತನೆಯ ಪುಟ್ಟಿಯನ್ನು ಎರಡು ಮಿಲಿಮೀಟರ್ ದಪ್ಪದ ಎಳೆಯಾಗಿ ಹೊಸೆಯಿರಿ. ಪೆನ್ಸಿಲ್‌ನಿಂದ ತೆಳುವಾಗಿ ಗುರುತಿಸಿದ ಗೆರೆಯ ಮೇಲೆ ಅದನ್ನು ಸುಮ್ಮನೆ ಇಡಿ, ಒತ್ತಬೇಡಿ. ಎಳೆ ದುಂಡಗಿರುವುದರಿಂದ ತಳದಲ್ಲಿ ಮಾತ್ರ ಮೈಗೆ ತಾಗುತ್ತದೆ. ಅದರ ಉಬ್ಬಿನ ಕೆಳಗೆ ನುಸುಳುವ ತುಸು ಬಣ್ಣವೇ ನಮಗೆ ಬೇಕಾದ ನವಿರು ಅಂಚು. ಒತ್ತಿ ಚಪ್ಪಟೆ ಮಾಡಿದರೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ದಪ್ಪ ಎಳೆ ಇಟ್ಟರೆ ಮತ್ತದೇ ಗೇಣಗಲದ ಮಸುಕು. ಎಳೆಯ ಆಚೆ ಕಂದು ಉಳಿಯಬೇಕಾದ ಜಾಗವನ್ನೆಲ್ಲ ಮಾಸ್ಕಿಂಗ್ ಟೇಪ್‌ನಿಂದ ಮುಚ್ಚಿ. ಅಗ್ಗದ ಟೇಪ್ ಬೇಡವೇ ಬೇಡ: ಬಣ್ಣವನ್ನು ಕಿತ್ತುಕೊಂಡು ತನ್ನ ಗೋಂದನ್ನು ಬಿಟ್ಟುಹೋಗುತ್ತದೆ.

ಈಗ ಏರ್‌ಬ್ರಷ್ ಮೇಲ್ಮೈಗೆ ನೆಟ್ಟಗೆ, 90 ಡಿಗ್ರಿಯಲ್ಲಿರಬೇಕು. ಎಳೆಯ ಕಡೆಗೆ ವಾಲಿಸಿದಿರೋ, ಬಣ್ಣ ಅದರಡಿಗೆ ನುಗ್ಗುತ್ತದೆ. ರೆಕ್ಕೆಯ ಮುಂಭಾಗದಲ್ಲಿ, ವಿಮಾನದ ಒಡಲಿನ ದುಂಡಿನಲ್ಲಿ ಕೋನ ತಪ್ಪುವುದೇ ಹೆಚ್ಚು. ಅಲ್ಲಿ ಮಣಿಕಟ್ಟನ್ನು ತಿರುಗಿಸುವ ಬದಲು ಮಾದರಿಯನ್ನೇ ತಿರುಗಿಸುತ್ತಾ ಹೋಗಿ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಮೊದಲು ಅಂಚಿನುದ್ದಕ್ಕೂ ತೆಳುವಾಗಿ ಸಾಗಿ, ಅದು ಒಣಗಿದ ಮೇಲೆ ನಡುವನ್ನು ತುಂಬಿ. ಮೊದಲ ಸುತ್ತಿನಲ್ಲಿ ಕಂದು ಇಣುಕಿದರೆ ಗಾಬರಿ ಬೇಡ, ಮೂರನೆಯದಕ್ಕೆ ಮುಚ್ಚುತ್ತದೆ. ಒಂದೇ ಸಲಕ್ಕೆ ಮುಗಿಸುವ ಆತುರದಲ್ಲಿ ಒದ್ದೆಯಾಗಿ ಹೊಡೆದರೆ ಬಣ್ಣ ಎಳೆಯ ಬುಡದಲ್ಲಿ ನಿಂತು ದಿಬ್ಬವಾಗುತ್ತದೆ. ನಡುನಡುವೆ ಏರ್‌ಬ್ರಷ್‌ನ ಸೂಜಿಯ ತುದಿಯನ್ನು ಥಿನ್ನರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಅಲ್ಲಿ ಒಣಗಿದ ಬಣ್ಣ ಇದ್ದಕ್ಕಿದ್ದಂತೆ ಹನಿಯಾಗಿ ಸಿಡಿಯುತ್ತದೆ.

ಬಣ್ಣ ಒಣಗಿದ ದಿನವೇ ಎಳೆಯನ್ನು ತೆಗೆಯಿರಿ. ರಾತ್ರಿಯೆಲ್ಲ ಬಿಟ್ಟರೆ ಕೆಲವು ಪುಟ್ಟಿಗಳು ಎಣ್ಣೆಯ ಕಲೆ ಉಳಿಸುತ್ತವೆ. ಉಳಿದ ಚೂರುಗಳನ್ನು ಅದೇ ಪುಟ್ಟಿಯ ಉಂಡೆಯಿಂದ ಒತ್ತಿ ಎತ್ತಿ, ಉಗುರು ಹಾಕಬೇಡಿ.

ಜರ್ಮನ್ ಯುದ್ಧವಿಮಾನ ಮೆಸ್ಸರ್‌ಸ್ಮಿಟ್‌ನ ಪಕ್ಕಗಳಲ್ಲಿ ಕಾಣುವ ಚುಕ್ಕೆಗಳಿಗೆ ಈ ಎಳೆಯ ಉಪಾಯ ಸಾಲದು, ಯಾವ ಮರೆಯೂ ಇಲ್ಲದೆ ಬರಿಗೈಯಲ್ಲೇ ಹೊಡೆಯಬೇಕು. ಟ್ರಿಗರ್ ಮೇಲೆ ಬೆರಳು ಕೂರುವ ತನಕ ಅದರ ಗೋಜಿಗೆ ಹೋಗಬೇಡಿ.

ಹಂತ 5: ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್ (ಗುರುತು, ಅಂಕಿಗಳ ಅಂಟುಚಿತ್ರ), ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಕಟು ಆವಿಯ ಲ್ಯಾಕರ್ ಬಣ್ಣ ಬಳಸುವವರಿಗೆ ಬಟ್ಟೆಯ ಮಾಸ್ಕ್ ಉಪಯೋಗವಿಲ್ಲ, ಆವಿ ಹೀರುವ ಕಾರ್ಟ್ರಿಡ್ಜ್ ಇರುವುದೇ ಬೇಕು, ಕಿಟಕಿಯೂ ತೆರೆದಿರಲಿ. ಪ್ರತಿ ಬಣ್ಣ ಮುಗಿದೊಡನೆ, ಕಾಫಿ ಕುಡಿಯಲು ಏಳುವ ಮೊದಲೇ, ಏರ್‌ಬ್ರಷ್‌ನಲ್ಲಿ ಥಿನ್ನರ್ ಹಾಯಿಸಿ, ಸೂಜಿಯನ್ನು ಹೊರಗೆಳೆದು ಒರೆಸಿಡಿ.